ಸೋತದ್ದು ಗೆಳೆಯ, ಪಾಲು ಯಾರಿಗೆ?

ಕರ್ನಾಟಕದಲ್ಲಿ ಲಾಟರಿ ನಿಷೇಧವಾದದ್ದು 2007ರಲ್ಲಿ. ಅದಕ್ಕೆ ಮೊದಲು ಹಾಸನ, ಚನ್ನರಾಯಪಟ್ಟಣದಂಥ ಊರುಗಳ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಟಿಕೆಟ್ ತೂಗುಹಾಕಿಕೊಂಡು ಕೂತವರನ್ನು ನಲವತ್ತು ದಾಟಿದವರೆಲ್ಲ ಕಂಡಿದ್ದಾರೆ. ಅವರಿಗೆ ಕಮಿಷನ್ನಿನ ಚಿಂತೆ ಇರಲಿಲ್ಲ. ತಮ್ಮ ಪಾಲು ಕಳೆದುಕೊಂಡು ಉಳಿದದ್ದನ್ನು ಏಜೆಂಟನಿಗೆ ಕಟ್ಟಿದರೆ ದಿನದ ಲೆಕ್ಕ ಮುಗಿಯಿತು. ಓಸಿ (ಮಟ್ಕಾ) ಚೀಟಿ ಬರೆಯುವವನದೂ ಹೀಗೇ. ಪೊಲೀಸರು ಕೆ.ಪಿ. ಆಕ್ಟ್ 78(3) ಹಾಕಿ ಹಿಡಿದಾಗ ಅವನ ಜೇಬಿನಲ್ಲಿ ಸಿಗುತ್ತಿದ್ದ ಹಣದಲ್ಲಿ ಅವನ ಕಮಿಷನ್ನೂ ಸೇರಿರುತ್ತಿತ್ತು.

ಜೂಜು ಮೊಬೈಲಿಗೆ ಬಂದ ಮೇಲೆ ತಿರುವುಮುರುವಾದದ್ದು ಈ ಲೆಕ್ಕ. ಆಡುವವನ ಹಣ ಈಗ ಯುಪಿಐ ಹಿಡಿದು ನೇರ ಮೇಲಕ್ಕೆ ಹೋಗುತ್ತದೆ. ಅವನನ್ನು ಕರೆತಂದವನು ತನ್ನ ಪಾಲಿಗಾಗಿ ಕೆಳಗೆ ನಿಂತು ಕಾಯಬೇಕು. ಎಷ್ಟು ಜನ ಬಂದರು, ಎಷ್ಟು ಹಾಕಿದರು, ಎಷ್ಟು ಸೋತರು ಎಂಬ ಖಾತೆ ಪುಸ್ತಕ ಕಂಪನಿಯ ಕಂಪ್ಯೂಟರಿನಲ್ಲಿರುತ್ತದೆ. ಆ ಕಂಪ್ಯೂಟರ್ ಎಲ್ಲಿದೆ ಎಂಬುದು ಅರಕಲಗೂಡಿನಲ್ಲಿ ಕೂತವನಿಗೆ ತಿಳಿಯದು. ಅಫಿಲಿಯೇಟ್ ಎಂದು ಕಂಪನಿಗಳು ಕರೆಯುವ, ನಮ್ಮ ಕಡೆ 'ಲಿಂಕ್ ಕೊಡೋನು', 'ಪ್ರಮೋಷನ್ ಮಾಡೋನು' ಎನ್ನಿಸಿಕೊಳ್ಳುವ ಈ ಹೊಸ ಮಧ್ಯವರ್ತಿಗೂ ಜೂಜಿನ ಕಂಪನಿಗೂ ನಡೆಯುವ ಜಗಳಗಳೆಲ್ಲ ಹುಟ್ಟುವುದು ಇಲ್ಲಿಂದ.

ಕೆಲಸ ನಡೆಯುವ ಬಗೆ ಸರಳ. ಟೆಲಿಗ್ರಾಂ ಚಾನೆಲ್ ನಡೆಸುವವನೋ, ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಹಾಕುವವನೋ, ಐಪಿಎಲ್ ದಿನಗಳಲ್ಲಿ 'ಇವತ್ತಿನ ಟೀಂ' ಹೇಳುವ ಯೂಟ್ಯೂಬ್ ಹುಡುಗನೋ ಕಂಪನಿಯ ಬಳಿ ಹೆಸರು ನೋಂದಾಯಿಸುತ್ತಾನೆ. ಅವನಿಗೊಂದು ಲಿಂಕ್, ಒಂದು ಪ್ರೋಮೊ ಕೋಡ್ ಸಿಗುತ್ತದೆ. ಆ ಲಿಂಕ್ ಒತ್ತಿ ಬಂದವನು ಖಾತೆ ತೆರೆದರೆ ಅವನ ಮೇಲೆ ಇವನ ಗುರುತು ಬೀಳುತ್ತದೆ. ಅಲ್ಲಿಂದ ಮುಂದೆ ಅವನು ಇವನ 'ಪ್ಲೇಯರ್'. "ಮಗಾ, ನನ್ ಲಿಂಕಲ್ಲೇ ಹಾಕ್ಕೊ, ನಿಂಗೂ ಬೋನಸ್ ಬರ್ತದೆ" ಎಂಬ ಒಂದು ಮಾತಿನಲ್ಲಿ ಸಹಪಾಠಿಯೊಬ್ಬ ಗಿರಾಕಿಯಾಗುತ್ತಾನೆ.

ಹಣ ಕೊಡುವ ಪದ್ಧತಿ ಮುಖ್ಯವಾಗಿ ಎರಡು. ತಲೆಗಿಷ್ಟು ಎಂದು ಒಂದೇ ಸಲ ಕೊಡುವುದು ಒಂದು. ಬಂದವನು ಮೊದಲ ಸಲ ಹಣ ಹಾಕಿದ ಕೂಡಲೇ ಇದು ಲೆಕ್ಕಕ್ಕೆ ಬರಬೇಕು, ಆದರೆ ಕನಿಷ್ಠ ಇಷ್ಟು ಹಾಕಿರಬೇಕು, ಇಷ್ಟು ಸಲ ಆಡಿರಬೇಕು ಎಂಬ ಷರತ್ತುಗಳಿರುತ್ತವೆ. ಅವೆಲ್ಲ ಪೂರೈಸಿದ ಮೇಲೂ 'ನೀನು ಕಳಿಸಿದ ಪ್ಲೇಯರ್‌ಗಳ ಗುಣಮಟ್ಟ ಚೆನ್ನಾಗಿಲ್ಲ' ಎಂದು ತಲೆಗಳನ್ನು ಕಡಿಮೆ ಮಾಡಬಹುದು. ಗುಣಮಟ್ಟ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಬೋನಸ್ಸಿಗಾಗಿ ಬಂದು ಐನೂರು ಹಾಕಿ ಹೋದವನು ಕೆಟ್ಟ ಪ್ಲೇಯರ್. ಸೋತರೂ ಮತ್ತೆ ಮತ್ತೆ ಬರುವವನು ಒಳ್ಳೆಯ ಪ್ಲೇಯರ್.

ಎರಡನೆಯದು ಪಾಲಿನ ಪದ್ಧತಿ. ಕರೆತಂದ ಪ್ಲೇಯರ್ ಸೋತಷ್ಟು ಕಾಲವೂ ಆ ಸೋಲಿನಲ್ಲಿ ಶೇಕಡಾ ಇಷ್ಟು. ಜಗಳದ ತಿರುಳು ಇರುವುದು ಇದರಲ್ಲಿ. ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಕಾಲ್ಪನಿಕ, ರೀತಿ ನಿಜದ್ದು. ಹೊಳೆನರಸೀಪುರದ ಹುಡುಗನೊಬ್ಬನ ಲಿಂಕಿನಿಂದ 40 ಜನ ಖಾತೆ ತೆರೆದರು, 22 ಜನ ಹಣ ಹಾಕಿದರು, ತಿಂಗಳಲ್ಲಿ ಎಲ್ಲರೂ ಸೇರಿ 1,20,000 ರೂ. ಸೋತರು ಎನ್ನೋಣ. ಮಾತಾದದ್ದು ಶೇ. 30. ಹುಡುಗ ಮನಸ್ಸಿನಲ್ಲಿ 36,000 ಎಣಿಸಿಕೊಂಡಿರುತ್ತಾನೆ. ತಿಂಗಳ ಪಟ್ಟಿ ಬಂದಾಗ ಕಂಪನಿ ಆ ಸೋಲಿನಿಂದ ಮೊದಲು ತಾನು ಹಂಚಿದ ಬೋನಸ್ ಎಂದು 30,000 ಕಳೆದಿರುತ್ತದೆ; ಹಣ ಪಾವತಿಯ ಖರ್ಚು 12,000; ಆಡಳಿತ ಶುಲ್ಕ ಶೇ. 20ರಂತೆ 24,000. ಉಳಿದದ್ದು 54,000. ಅದರಲ್ಲಿ ಶೇ. 30 ಎಂದರೆ 16,200 ರೂ.

ಹಾಸನದ ಎಪಿಎಂಸಿಗೆ ಆಲೂಗೆಡ್ಡೆ ಹಾಕಿದ ರೈತನಿಗೆ ಈ ಪಟ್ಟಿ ಹೊಸದೆನಿಸಲಿಕ್ಕಿಲ್ಲ. ಹಮಾಲಿ, ತೂಕ, ಕಮಿಷನ್ ಎಂದು ಬಿಳಿ ಚೀಟಿಯಲ್ಲಿ ಬರೆದು ಮುರಿದುಕೊಳ್ಳುವುದನ್ನು ಅವನು ತಲೆಮಾರಿನಿಂದ ನೋಡಿದ್ದಾನೆ. ಆದರೆ ಅವನ ಮೂಟೆ ಕಣ್ಣೆದುರು ತಕ್ಕಡಿ ಏರುತ್ತದೆ. ಇಲ್ಲಿ ತಕ್ಕಡಿಯೂ ಕಾಣದು, ಮೂಟೆಯೂ ಕಾಣದು. 22 ಜನರ ಹೆಸರಿನ ಬದಲು 22 ಸಂಖ್ಯೆಗಳು ಕಾಣುತ್ತವೆ. ಯಾರು ಎಷ್ಟು ಸೋತರು ಎಂದು ತಾಳೆ ನೋಡಲು ಹುಡುಗನಿಗಿರುವ ದಾರಿ ಒಂದೇ, ಗೆಳೆಯರನ್ನೇ ಕೇಳುವುದು. ಸೋತವರು ನಿಜ ಹೇಳುವುದಿಲ್ಲ.

ಮುಂದಿನ ತಿಂಗಳು ಆ 22ರಲ್ಲಿ ಒಬ್ಬನಿಗೆ ಅದೃಷ್ಟ ಖುಲಾಯಿಸಿ ಎರಡು ಲಕ್ಷ ಗೆದ್ದ ಎನ್ನಿ. ಉಳಿದವರೆಲ್ಲ ಸೇರಿ ಸೋತದ್ದು 80,000. ಕಂಪನಿಗೆ 1,20,000 ನಷ್ಟ. ಬೇರೆ ಕಡಿತಗಳನ್ನು ಬಿಟ್ಟು ಲೆಕ್ಕ ಹಾಕಿದರೂ ಹುಡುಗನ ಖಾತೆಯಲ್ಲಿ ಮೈನಸ್ 36,000. ಕೆಲವು ಕಂಪನಿಗಳು ತಿಂಗಳ ಕೊನೆಗೆ ಇದನ್ನು ಸೊನ್ನೆ ಮಾಡುತ್ತವೆ. ಇನ್ನು ಕೆಲವು ಮುಂದಕ್ಕೆ ಎಳೆಯುತ್ತವೆ; ಮೂರನೇ ತಿಂಗಳು ಅವನ ಪಾಲಿಗೆ 20,000 ಬಂದರೂ ಅದು ಹಳೆ ಬಾಕಿಗೆ ಜಮಾ ಆಗಿ, ಇನ್ನೂ 16,000 ಅವನೇ ಕೊಡಬೇಕಾದಂತೆ ತೋರಿಸುತ್ತದೆ. ಪ್ರಪಂಚದ ಯಾವ ಮೂಲೆಯ ಅಫಿಲಿಯೇಟ್‌ನನ್ನು ಕೇಳಿದರೂ ಮೊದಲು ಬೈಯುವುದು ಈ ಷರತ್ತನ್ನು. ದೊಡ್ಡ ಮೊತ್ತ ಆಡುವ ಒಬ್ಬನನ್ನು ಉಳಿದವರಿಂದ ಬೇರ್ಪಡಿಸಿ, ಅವನ ಗೆಲುವನ್ನು ಅವನ ಮುಂದಿನ ಸೋಲಿನಿಂದಲೇ ತೀರಿಸಿಕೊಳ್ಳುವ ನಿಯಮವೂ ಕೆಲವೆಡೆ ಇದೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಲಂಡನ್ನಿನಲ್ಲಿ ಕೂತು ವೆಬ್‌ಸೈಟ್ ನಡೆಸುವ ಅಫಿಲಿಯೇಟ್‌ಗೆ ತನ್ನ ಪ್ಲೇಯರ್ ಯಾರೆಂದು ಗೊತ್ತಿಲ್ಲ. ಹೊಳೆನರಸೀಪುರದವನಿಗೆ ಗೊತ್ತು. ಎರಡು ಲಕ್ಷ ಗೆದ್ದವನು ಪಕ್ಕದ ಬೀದಿಯವನು, ಜೊತೆಗೆ ಕಬಡ್ಡಿ ಆಡಿದವನು. ಅವನ ಗೆಲುವಿಗೆ ಸಂತೋಷ ಪಡಬೇಕಾದವನ ಮೊಬೈಲಿನಲ್ಲಿ ಮೈನಸ್ ಚಿಹ್ನೆ ಬಿದ್ದಿರುತ್ತದೆ. ಅವನು ಆ ಹಣ ಮತ್ತೆ ಹಾಕಿ ಕಳೆದುಕೊಂಡಾಗಲೇ ಇವನ ಲೆಕ್ಕ ಸರಿಹೋಗುವುದು. ಕಮಿಷನ್ ವ್ಯಾಜ್ಯ ಎಂದು ನಾವು ಕರೆಯುತ್ತಿರುವುದು, ಹಾಗೆ ನೋಡಿದರೆ, ನೆರೆಯವನ ನಷ್ಟ ಯಾರ ಹೆಸರಿಗೆ ಬರೆಯಬೇಕೆಂಬ ವ್ಯಾಜ್ಯ. ಅಫಿಲಿಯೇಟ್‌ಗೆ ಮೋಸವಾಯಿತೆಂದು ಮರುಗುವಾಗ ಇದನ್ನು ಮರೆಯಲು ನನಗಂತೂ ಆಗುವುದಿಲ್ಲ.

ಪ್ಲೇಯರ್ ಯಾರವನು ಎಂಬ ತಕರಾರಿಗೆ ತಾಂತ್ರಿಕ ಕಾರಣಗಳೂ ಬಹಳ. ಇನ್‌ಸ್ಟಾಗ್ರಾಂ ಒಳಗೆ ಲಿಂಕ್ ಒತ್ತಿದಾಗ ಬೀಳುವ ಗುರುತು, ಅದೇ ಫೋನಿನ ಬೇರೆ ಬ್ರೌಸರಿನಲ್ಲಿ ಖಾತೆ ತೆರೆದರೆ ಕಾಣೆಯಾಗಬಹುದು. ಬೆಟ್ಟಿಂಗ್ ಆ್ಯಪ್‌ಗಳು ಪ್ಲೇ ಸ್ಟೋರಿನಲ್ಲಿ ಸಿಗದೆ ಎಪಿಕೆ ಕಡತವಾಗಿ ಓಡಾಡುವುದರಿಂದ, ಇವನ ರೀಲ್ಸ್ ನೋಡಿದವನು ಇನ್ನೊಬ್ಬ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಕಡತ ಹಾಕಿಕೊಂಡಿರಬಹುದು. ಕೊನೆಗೆ ಒತ್ತಿದ ಲಿಂಕ್ ಯಾರದೋ ಪ್ಲೇಯರ್ ಅವನವನು ಎಂಬುದು ಬಹುತೇಕ ಕಂಪನಿಗಳ ಲೆಕ್ಕ. ಮೂರು ತಿಂಗಳು ಬೆನ್ನುಹತ್ತಿ ಒಪ್ಪಿಸಿದವನಿಗೆ ಏನೂ ಇಲ್ಲ, ಕೊನೇ ಗಳಿಗೆಯಲ್ಲಿ ಪ್ರೋಮೊ ಕೋಡ್ ಕೊಟ್ಟವನಿಗೆ ಎಲ್ಲ.

ಸಣ್ಣ ಊರಿನವರಿಗೆ ಇನ್ನೊಂದು ವಿಶೇಷ ತೊಡಕು. ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ಐಪಿ ವಿಳಾಸದ ಹಿಂದೆ ಕೂರಿಸುತ್ತವೆ. ಅದರ ಮೇಲೆ ಒಬ್ಬನ ಹಾಟ್‌ಸ್ಪಾಟಿನಲ್ಲಿ ಐವರು, ಮೊಬೈಲ್ ಅಂಗಡಿಯ ವೈಫೈನಲ್ಲಿ ಹತ್ತು ಜನ. ಅಣ್ಣತಮ್ಮಂದಿರಿಬ್ಬರೂ ಅಪ್ಪನ ಬ್ಯಾಂಕ್ ಖಾತೆಯಿಂದಲೇ ಹಣ ಹಾಕುತ್ತಾರೆ. ಕಂಪನಿಯ ವಂಚನೆ ಪತ್ತೆ ತಂತ್ರಾಂಶಕ್ಕೆ ಇದೆಲ್ಲ ಒಬ್ಬನೇ ಹತ್ತು ಖಾತೆ ತೆರೆದಂತೆ ಕಾಣುತ್ತದೆ. 'ಸ್ವಂತ ಲಿಂಕಿನಲ್ಲಿ ನೀನೇ ಆಡಿದ್ದೀಯ' ಎಂಬ ಆರೋಪದ ಮೇಲೆ ಇಡೀ ತಿಂಗಳ ಪಾಲು ಮುಟ್ಟುಗೋಲು. ಇದರಲ್ಲಿ ಕಂಪನಿಯದೇ ತಪ್ಪು ಎನ್ನುವಂತಿಲ್ಲ. ತಲೆಗಿಷ್ಟು ಸಿಗುವುದೆಂದು ತಿಳಿದ ಮೇಲೆ ಅಜ್ಜಿಯ ಆಧಾರ್ ಕಾರ್ಡನ್ನೂ ಬಿಡದೆ ಖಾತೆ ತೆರೆಸುವ ಚಾಲಾಕಿಗಳು ಎಲ್ಲ ಊರಿನಲ್ಲೂ ಇರುತ್ತಾರೆ. ನಿಜವಾದ ಹತ್ತು ಜನ ಯಾರು, ಒಬ್ಬನೇ ಹತ್ತಾದವನು ಯಾರು ಎಂದು ನಿರ್ಧರಿಸುವ ಅಧಿಕಾರ ಮಾತ್ರ ಹಣ ಕೊಡಬೇಕಾದ ಪಕ್ಷದ ಕೈಯಲ್ಲೇ ಇದೆ.

ಸರ್ಕಾರ ಸೈಟ್ ಮುಚ್ಚಿಸಿದಾಗ ಪ್ಲೇಯರ್‌ಗಳು ಚೆದುರುತ್ತಾರೆ. 2023ರ ನವೆಂಬರ್ 5ರಂದು ಕೇಂದ್ರದ ಐ.ಟಿ. ಸಚಿವಾಲಯ ಮಹಾದೇವ್ ಬುಕ್ ಸೇರಿ 22 ಬೆಟ್ಟಿಂಗ್ ಆ್ಯಪ್ ಮತ್ತು ವೆಬ್‌ಸೈಟ್‌ಗಳನ್ನು ನಿರ್ಬಂಧಿಸಿತು. ಇಂಥ ಆದೇಶ ಬಂದಾಗ ವಿದೇಶಿ ಸೈಟುಗಳು ವಿಳಾಸದಲ್ಲಿ ಒಂದಕ್ಷರವೋ ಅಂಕಿಯೋ ಬದಲಿಸಿ ಮತ್ತೆ ತಲೆ ಎತ್ತುತ್ತವೆ. ಹಳೆ ಲಿಂಕ್ ಸತ್ತಿರುತ್ತದೆ. ಪ್ಲೇಯರ್ ಹೊಸ ವಿಳಾಸ ಹುಡುಕುತ್ತಾ ಇನ್ನೊಂದು ಟೆಲಿಗ್ರಾಂ ಚಾನೆಲ್ಲಿಗೆ ಹೋಗಿ ಅಲ್ಲಿಂದ ಮತ್ತೆ ನೋಂದಾಯಿಸಿದರೆ, ಮೊದಲಿನವನ ಪಾಲು ಅಲ್ಲಿಗೆ ಮುಗಿಯಿತು.

ಕಾನೂನಿನ ಏರಿಳಿತವನ್ನು ನೇರವಾಗಿ ಅನುಭವಿಸಿದ ರಾಜ್ಯ ನಮ್ಮದು. 2021ರ ಅಕ್ಟೋಬರಿನಲ್ಲಿ ಕರ್ನಾಟಕ ಪೊಲೀಸ್ ತಿದ್ದುಪಡಿ ಕಾಯ್ದೆ ಜಾರಿಗೆ ಬಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ನಿಷೇಧ ಬಿತ್ತು. ಬೆಂಗಳೂರಿನಲ್ಲಿ ಎಫ್‌ಐಆರ್ ದಾಖಲಾದ ಮೇಲೆ ಫ್ಯಾಂಟಸಿ ಕ್ರಿಕೆಟ್ಟಿನ ಡ್ರೀಮ್11 ಕರ್ನಾಟಕದಲ್ಲಿ ಬಾಗಿಲು ಹಾಕಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು, ಆಟ ಮರಳಿತು. ಆ ನಾಲ್ಕು ತಿಂಗಳು ಕರ್ನಾಟಕದ ಪ್ಲೇಯರ್‌ಗಳನ್ನೇ ನೆಚ್ಚಿಕೊಂಡಿದ್ದವರಿಗೆ ಖಾಲಿ. ಅಫಿಲಿಯೇಟ್ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಇರುವ ಇನ್ನೊಂದು ಕಲಂ ಇಲ್ಲಿ ನೆನಪಾಗುತ್ತದೆ: ಮೂರು ತಿಂಗಳು ಹೊಸ ಪ್ಲೇಯರ್ ತರದಿದ್ದರೆ ಹಳಬರ ಮೇಲಿನ ಹಕ್ಕೂ ಹೋಗುತ್ತದೆ. ತರಲು ಕಾನೂನು ಬಿಡಲಿಲ್ಲ ಎಂಬ ಸಮಜಾಯಿಷಿಗೆ ಅದರಲ್ಲಿ ಜಾಗವಿಲ್ಲ.

ಇಷ್ಟೆಲ್ಲ ಲಿಂಕಿನ ಲೋಕ. ಐಪಿಎಲ್ ಹೊತ್ತಿನಲ್ಲಿ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಹೆಚ್ಚು ಓಡುವುದು ಇದಕ್ಕಿಂತ ಹಳೆ ಜಾಯಮಾನದ್ದು, 'ಐಡಿ' ವ್ಯವಹಾರ. ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ಮುಗಿದು ಬೆಳೆಗಾರನ ಖಾತೆಗೆ ಹಣ ಬಿದ್ದಿರುತ್ತದೆ. ಜಲಂಧರದ ಬಿತ್ತನೆ ಆಲೂಗೆಡ್ಡೆ ಹಾಸನಕ್ಕೆ ಬರುವ ಮೇ ತಿಂಗಳಲ್ಲಿ ಮನೆಯಲ್ಲಿ ಬೀಜ, ಗೊಬ್ಬರಕ್ಕೆಂದು ತೆಗೆದಿಟ್ಟ ದುಡ್ಡಿರುತ್ತದೆ. ಪಂದ್ಯಗಳು ನಡೆಯುವುದೂ ಅದೇ ಹೊತ್ತಿನಲ್ಲಿ. ಐಡಿ ಕೊಡುವವನು ನಗದು ಇಲ್ಲವೇ ಫೋನ್‌ಪೇ ಮೂಲಕ ಹಣ ಪಡೆದು ಅಷ್ಟು ಪಾಯಿಂಟ್ ಹಾಕುತ್ತಾನೆ. ಅವನ ಮೇಲೊಬ್ಬ ಮಾಸ್ಟರ್, ಆ ಮಾಸ್ಟರಿನ ಮೇಲೆ ಸೂಪರ್ ಮಾಸ್ಟರ್. ಸೋಮವಾರಕ್ಕೆ ವಾರದ ಲೆಕ್ಕ ಚುಕ್ತಾ.

ಮಹಾದೇವ್ ಆ್ಯಪ್ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿತ್ತು. ದುಬೈನಲ್ಲಿ ಕೂತು, ಪರಿಚಯದವರಿಗೆ 'ಪ್ಯಾನೆಲ್' ಹಂಚಿ, ಲಾಭವನ್ನು 70-30ರ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಿತ್ತು ಎಂದು ಜಾರಿ ನಿರ್ದೇಶನಾಲಯ (ಇ.ಡಿ.) 2023ರಲ್ಲಿ ಹೇಳಿತು. ನಮ್ಮ ಮಗ್ಗುಲಿಗೇ ಬಂದರೆ, 2025ರ ಆಗಸ್ಟಿನಲ್ಲಿ ಚಿತ್ರದುರ್ಗದ ಶಾಸಕ ಕೆ.ಸಿ. ವೀರೇಂದ್ರ ಅವರನ್ನು ಇ.ಡಿ. ಸಿಕ್ಕಿಂನ ಗ್ಯಾಂಗ್ಟಕ್‌ನಲ್ಲಿ ಬಂಧಿಸಿತು. ಕಿಂಗ್567, ರಾಜಾ567 ಹೆಸರಿನ ಬೆಟ್ಟಿಂಗ್ ಸೈಟುಗಳನ್ನು ನಡೆಸುತ್ತಿದ್ದರು ಎಂಬುದು ಆರೋಪ. ಶೋಧದಲ್ಲಿ ಸುಮಾರು 12 ಕೋಟಿ ರೂ. ನಗದು ಸಿಕ್ಕಿತೆಂದು ಸಂಸ್ಥೆ ತಿಳಿಸಿತು. ನಿಜಾನಿಜ ತೀರ್ಮಾನಿಸಬೇಕಾದದ್ದು ನ್ಯಾಯಾಲಯ.

ಐಡಿ ವ್ಯವಹಾರದಲ್ಲಿ ಜಗಳದ ದಿಕ್ಕು ಉಲ್ಟಾ. ಹಣ ಸ್ಥಳೀಯನ ಕೈಯಲ್ಲೇ ಇರುವುದರಿಂದ ಅವನು ಓಸಿ ಬರೆಯುವವನಂತೆ ತನ್ನ ಪಾಲು ಮೊದಲೇ ಇಟ್ಟುಕೊಳ್ಳುತ್ತಾನೆ. ಆದರೆ ಅವನು ಸಾಲಕ್ಕೆ ಪಾಯಿಂಟ್ ಕೊಟ್ಟಿರುತ್ತಾನೆ. ಸೋತವನು ಊರು ಬಿಟ್ಟರೂ ಸೋಮವಾರ ಮೇಲಿನವನಿಗೆ ಕಟ್ಟಬೇಕಾದವನು ಇವನೇ. "ಅಣ್ಣ, ಅವ್ನು ಫೋನ್ ಸ್ವಿಚ್ ಆಫ್ ಮಾಡವ್ನೆ, ಒಂದ್ ವಾರ ಟೈಂ ಕೊಡಿ" ಎಂಬ ಮಾತಿಗೆ ಮೇಲಿನಿಂದ ಬರುವ ಉತ್ತರ ಲಿಖಿತದಲ್ಲಿರುವುದಿಲ್ಲ. ಲಿಂಕ್ ಕೊಡುವವನು ಕಳೆದುಕೊಳ್ಳುವುದು ಬರಬೇಕಾದ ಹಣ. ಐಡಿ ಕೊಡುವವನು ಬೈಕು, ಒಡವೆ, ಕಡೆಗೆ ಅಪ್ಪನ ಜಮೀನಿನ ಪತ್ರದವರೆಗೂ ಹೋಗಬೇಕಾದೀತು.

ಕಮಿಷನ್ ಬಾಕಿಗಾಗಿ ನ್ಯಾಯಾಲಯಕ್ಕೆ ಹೋಗಬಹುದೇ? 1872ರ ಭಾರತೀಯ ಒಪ್ಪಂದ ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿಯ ಕರಾರು ಶೂನ್ಯ; ಗೆದ್ದವನು ಸೋತವನ ಮೇಲೆ ದಾವೆ ಹೂಡುವಂತಿಲ್ಲ. ಆದರೆ ಬಾಜಿ ಆಡಿದವರ ನಡುವೆ ಇರದ, ಅದಕ್ಕೆ ಅಂಟಿಕೊಂಡ ಇನ್ನೊಂದು ಒಪ್ಪಂದದ ಗತಿ ಏನು? ಇದಕ್ಕೆ ನಮ್ಮಲ್ಲಿ ಒಂದು ಪ್ರಸಿದ್ಧ ತೀರ್ಪಿದೆ. 1937ರಲ್ಲಿ ಘೇರುಲಾಲ್ ಪಾರಖ್ ಮತ್ತು ಮಹಾದೇವದಾಸ್ ಮಯ್ಯಾ ಅವರ ಕಡೆಯವರು ಪಾಲುದಾರರಾಗಿ ಉತ್ತರ ಪ್ರದೇಶದ ಹಾಪುರದ ಎರಡು ವ್ಯಾಪಾರಿ ಸಂಸ್ಥೆಗಳೊಡನೆ ಬಾಜಿ ವ್ಯವಹಾರ ಮಾಡಿದರು. ನಷ್ಟವಾಯಿತು. ಒಬ್ಬರು ಪೂರಾ ಕಟ್ಟಿ, ಅರ್ಧ ಕೊಡು ಎಂದು ಇನ್ನೊಬ್ಬರನ್ನು ಕೇಳಿದರು. ಬಾಜಿಯ ವ್ಯವಹಾರವೇ ಅಕ್ರಮ, ಕೊಡುವುದಿಲ್ಲ ಎಂದರು ಅವರು. 1959ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೆ. ಸುಬ್ಬರಾವ್ ಬರೆದ ತೀರ್ಪು ಹೇಳಿದ್ದು: ಬಾಜಿಯ ಕರಾರು ಶೂನ್ಯವೇ ಹೊರತು, ಕಾನೂನು ನಿಷೇಧಿಸದ ಕಡೆ ಅಕ್ರಮವಲ್ಲ, ಹಾಗಾಗಿ ಅದಕ್ಕೆ ಅಂಟಿದ ಪಾಲುದಾರಿಕೆ ಊರ್ಜಿತ. ಕಮಿಷನ್ ಒಪ್ಪಂದವೂ ಇಂಥದೇ ಅಂಟಿದ ಒಪ್ಪಂದ. ರಮ್ಮಿ, ಫ್ಯಾಂಟಸಿ ಕ್ರಿಕೆಟ್ಟಿನ ಅಫಿಲಿಯೇಟ್‌ಗೆ ಬಾಕಿ ಕೇಳಲು ಒಂದು ಕಾಲದಲ್ಲಿ ಇಷ್ಟಾದರೂ ನೆಲೆ ಇತ್ತು.

ಆ ನೆಲೆಯನ್ನು ತೆಗೆದದ್ದು 2025ರ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ. ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಯ ಅಂಕಿತ. ಕೌಶಲವೋ ಅದೃಷ್ಟವೋ ಎಂಬ ಹಳೆಯ ಭೇದ ಬಿಟ್ಟು, ಹಣ ಪಣಕ್ಕಿಡುವ ಆನ್‌ಲೈನ್ ಆಟವನ್ನೆಲ್ಲ ಅದು ನಿಷೇಧಿಸುತ್ತದೆ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂ.ವರೆಗೆ ದಂಡ. ಜಾಹೀರಾತು, ಪ್ರಚಾರ ಮಾಡುವವರಿಗೆ ಎರಡು ವರ್ಷ, 50 ಲಕ್ಷ. ಆಡುವವನಿಗೆ ಶಿಕ್ಷೆ ಇಲ್ಲ. ಲಿಂಕ್ ಕೊಡುವ ಹುಡುಗ ತಾನೂ ಆಡುವವರ ಪೈಕಿ ಎಂದುಕೊಂಡಿದ್ದರೆ, ಕಾಯ್ದೆಯ ಕಣ್ಣಿಗೆ ಅವನು ನಿಂತಿರುವುದು ಕಂಪನಿಯ ಪಕ್ಕದಲ್ಲಿ. ಡ್ರೀಮ್11 ಸೇರಿ ದೊಡ್ಡ ದೇಶಿ ಕಂಪನಿಗಳು ಆ ವಾರವೇ ಹಣದ ಆಟ ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿ ಮೊದಲು ಅರ್ಜಿ ಬಿದ್ದದ್ದು ನಮ್ಮ ಹೈಕೋರ್ಟಿನಲ್ಲೇ, ಎ23 ರಮ್ಮಿ ನಡೆಸುವ ಕಂಪನಿಯಿಂದ. ಬಳಿಕ ಸುಪ್ರೀಂ ಕೋರ್ಟ್ ಎಲ್ಲ ಅರ್ಜಿಗಳನ್ನೂ ತನ್ನ ಬಳಿಗೆ ತರಿಸಿಕೊಂಡಿತು.

ಅಕ್ರಮದ ಪಾಲು ಕೇಳಲು ನ್ಯಾಯಾಲಯಕ್ಕೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ 1725ರ ಎವರೆಟ್ ಮತ್ತು ವಿಲಿಯಮ್ಸ್ ಮೊಕದ್ದಮೆಯನ್ನು ಕಾನೂನು ವಿದ್ಯಾರ್ಥಿಗಳು ಈಗಲೂ ನಗುತ್ತಾ ಓದುತ್ತಾರೆ. ಇಬ್ಬರೂ ದಾರಿಗಳ್ಳರು. 'ಪಾಲುದಾರಿಕೆ ವ್ಯವಹಾರ'ದ ಲಾಭ ಹಂಚುವಾಗ ಮೋಸವಾಯಿತೆಂದು ಎವರೆಟ್ ದಾವೆ ಹೂಡಿದ. ಯಾವ ವ್ಯವಹಾರ ಎಂಬುದನ್ನು ಅರ್ಜಿಯಲ್ಲಿ ನಾಜೂಕಾಗಿ ಮರೆಮಾಚಲಾಗಿತ್ತು. ನ್ಯಾಯಾಲಯ ದಾವೆ ವಜಾ ಮಾಡಿ, ಅದನ್ನು ತಂದ ವಕೀಲರಿಗೆ ದಂಡ ಹಾಕಿತು. ವಿಲಿಯಮ್ಸ್ 1727ರಲ್ಲಿ, ಎವರೆಟ್ 1730ರಲ್ಲಿ ಗಲ್ಲಿಗೇರಿದರು.

ಜೂಜು ಕಾನೂನುಬದ್ಧವಾಗಿರುವ ದೇಶಗಳಲ್ಲೂ ಅಫಿಲಿಯೇಟ್‌ನ ಸ್ಥಿತಿ ಗಟ್ಟಿಯಲ್ಲ. ಬ್ರಿಟನ್ನಿನಲ್ಲಿ ಅಫಿಲಿಯೇಟ್ ಮಾಡಿದ ತಪ್ಪಿಗೆ ಪರವಾನಗಿ ಪಡೆದ ಕಂಪನಿಯೇ ಹೊಣೆ ಎಂದು ನಿಯಂತ್ರಕರು ಬಿಗಿ ಮಾಡಿದ ಮೇಲೆ, ಸ್ಕೈ ಬೆಟ್ 2017ರಲ್ಲಿ ತನ್ನ ಬ್ರಿಟನ್ ಅಫಿಲಿಯೇಟ್ ಯೋಜನೆಯನ್ನೇ ಮುಚ್ಚಿತು. 2006ರ ಅಕ್ಟೋಬರಿನಲ್ಲಿ ಆನ್‌ಲೈನ್ ಜೂಜಿನ ವಿರುದ್ಧ ಅಮೆರಿಕದ ಹೊಸ ಕಾನೂನಿಗೆ ಸಹಿ ಬಿದ್ದಾಗ ಪಾರ್ಟಿಪೋಕರ್ ಸೈಟ್ ಅಮೆರಿಕನ್ನರನ್ನು ಹೊರಗಿಟ್ಟಿತು. ಅವರನ್ನು ಕರೆತಂದಿದ್ದವರ 'ಜೀವಮಾನದ ಪಾಲು' ಅಲ್ಲಿಗೆ ನಿಂತಿತು. ಜೀವಮಾನ ಎಂಬುದು ಯಾರ ಜೀವಮಾನ ಎಂದು ಒಪ್ಪಂದದಲ್ಲಿ ಬರೆದಿರುವುದಿಲ್ಲ.

ಹಾಸನದ ಸಿಇಎನ್ (ಸೈಬರ್ ಅಪರಾಧ) ಠಾಣೆಗೆ ಹೋಗಿ 'ನನ್ನ ಲಿಂಕಿನಿಂದ 22 ಜನ ಹಣ ಹಾಕಿ ಆಡಿದ್ದಾರೆ, ನನ್ನ ಪಾಲು ಬಂದಿಲ್ಲ' ಎಂದು ದೂರು ಬರೆದುಕೊಟ್ಟರೆ ಆ ಕಾಗದ ದೂರಿಗಿಂತ ಹೆಚ್ಚಾಗಿ ತಪ್ಪೊಪ್ಪಿಗೆಯಾಗುತ್ತದೆ. ಅದರಲ್ಲೇ ಹೆಸರು, ತಾರೀಕು, ಮೊತ್ತ, ಸ್ಕ್ರೀನ್‌ಶಾಟ್ ಎಲ್ಲ ಸಿದ್ಧವಿರುತ್ತವೆ. ಹಣ ಬಂದಿದ್ದರಾದರೂ ನೆಮ್ಮದಿಯೇ ಎಂದರೆ ಅದೂ ಇಲ್ಲ. ವಿದೇಶಿ ಸೈಟುಗಳು ಕಮಿಷನ್ ಕಳಿಸುವುದು ಹೆಚ್ಚಾಗಿ ಬಾಡಿಗೆ ಖಾತೆಗಳಿಂದ. ಅದೇ ಖಾತೆಗೆ ಬೇರೆ ರಾಜ್ಯದ ಯಾರೋ ವಂಚನೆಗೊಳಗಾಗಿ ಹಣ ಹಾಕಿ ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ, ಆ ಹಣ ಮುಂದೆ ಹರಿದ ಖಾತೆಗಳಿಗೆಲ್ಲ ಬೀಗ ಬೀಳುತ್ತದೆ. ಚನ್ನರಾಯಪಟ್ಟಣದ ಬ್ಯಾಂಕ್ ಮ್ಯಾನೇಜರ್ ಮಾಡಬಲ್ಲದ್ದು, ಯಾವ ರಾಜ್ಯದ ಯಾವ ಠಾಣೆಯಿಂದ ಆದೇಶ ಬಂದಿದೆ ಎಂದು ಹೇಳುವುದಷ್ಟೆ. ಕೊಬ್ಬರಿ ಮಾರಿದ ಅಪ್ಪನ ದುಡ್ಡು ಅದೇ ಖಾತೆಯಲ್ಲಿದ್ದರೆ ಅದೂ ಒಳಗೇ ಉಳಿಯುತ್ತದೆ.

ಬೆಟ್ಟಿಂಗ್ ಸೈಟಿನ ಪ್ರಚಾರದಲ್ಲಿ ಹೆಸರು ಬಂದ ದೊಡ್ಡ ಕ್ರಿಕೆಟಿಗರ ಪಾಡನ್ನೂ ನೋಡಿದ್ದೇವೆ. 1ಎಕ್ಸ್‌ಬೆಟ್ ಪ್ರಕರಣದಲ್ಲಿ ಇ.ಡಿ. 2025ರ ಸೆಪ್ಟೆಂಬರಿನಲ್ಲಿ ಕೊಡಗಿನ ರಾಬಿನ್ ಉತ್ತಪ್ಪ ಅವರನ್ನು ವಿಚಾರಣೆಗೆ ಕರೆಯಿತು. ನವೆಂಬರಿನಲ್ಲಿ ಸುರೇಶ್ ರೈನಾ ಅವರ 6.64 ಕೋಟಿ ರೂ. ಮ್ಯೂಚುವಲ್ ಫಂಡ್ ಹೂಡಿಕೆ, ಶಿಖರ್ ಧವನ್ ಅವರ 4.5 ಕೋಟಿ ರೂ. ಮೌಲ್ಯದ ಸ್ಥಿರಾಸ್ತಿಯನ್ನು ತಾತ್ಕಾಲಿಕವಾಗಿ ಮುಟ್ಟುಗೋಲು ಹಾಕಿಕೊಂಡಿತು. ಪ್ರಚಾರಕ್ಕೆ ಪಡೆದ ಹಣ ಅಪರಾಧದ ಗಳಿಕೆ ಎಂಬುದು ಸಂಸ್ಥೆಯ ವಾದ. ಆ ವಾದ ನ್ಯಾಯಾಲಯದಲ್ಲಿ ನಿಂತರೆ, ಕಂಪನಿ ಕೈಕೊಟ್ಟಿತೆಂದು ಶಾಪ ಹಾಕುತ್ತಾ ಕೂತ ಹೊಳೆನರಸೀಪುರದ ಹುಡುಗನಿಗೆ ಆ 16,200 ರೂಪಾಯಿಯೂ ಬಾರದೆ ಉಳಿದಿದ್ದರೆ, ಅದು ವಾಪಸ್ ಕೊಡಬೇಕಾಗಿ ಬಾರದ ಹಣವೂ ಆದೀತು.